ಪಿಯಾನೊ ಖಾಲಿ ಇದ್ದರೂ ನುಡಿದ ಆರ್ಕೆಸ್ಟ್ರಾ: ಓಸ್ವಾಲ್ದೊ ಪುಗ್ಲಿಯೇಸೆ ಪ್ರಕರಣ

ಆರ್ಕೆಸ್ಟ್ರಾದ ಯಜಮಾನನನ್ನು ಪೊಲೀಸರು ಹಿಡಿದುಕೊಂಡು ಹೋದರೆ ಆ ರಾತ್ರಿಯ ಕಾರ್ಯಕ್ರಮದ ಗತಿ ಏನು? ಸಾಮಾನ್ಯವಾಗಿ ರದ್ದು. ಮುಂಗಡ ಕೊಟ್ಟವರು ವಾಪಸ್ ಕೇಳುತ್ತಾರೆ. ವಾದಕರು ನಾಲ್ಕು ದಿನ ಕಾದು ನೋಡಿ ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ.

ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ಟ್ಯಾಂಗೊ ಎಂಬ ಕುಣಿತದ ಸಂಗೀತ ನುಡಿಸುವ ಒಂದು ಆರ್ಕೆಸ್ಟ್ರಾಕ್ಕೆ ಇಂಥ ಪರಿಸ್ಥಿತಿ ಮತ್ತೆ ಮತ್ತೆ ಬಂತು. ಅದರ ಮುಖ್ಯಸ್ಥ ಪಿಯಾನೊ ವಾದಕ, ಜೊತೆಗೆ ಕಮ್ಯುನಿಸ್ಟ್. ಸರ್ಕಾರಗಳು ಬದಲಾದವು, ಬಂಧನ ಮಾತ್ರ ತಪ್ಪಲಿಲ್ಲ. ಅಂಥ ರಾತ್ರಿಗಳಲ್ಲಿ ಉಳಿದ ವಾದಕರು ಪಿಯಾನೊ ಮೇಲೆ ಒಂದು ಕೆಂಪು ಕಾರ್ನೇಷನ್ ಹೂವು ಇಟ್ಟು, ತಮ್ಮ ಪಾಡಿಗೆ ನುಡಿಸುತ್ತಿದ್ದರು.

ಟ್ಯಾಂಗೊ ಪ್ರಿಯರು ಈ ಹೂವಿನ ಕಥೆಯನ್ನು ಕಣ್ಣು ಒದ್ದೆ ಮಾಡಿಕೊಂಡು ಹೇಳುತ್ತಾರೆ. ಹೇಳಲಿ, ಚೆನ್ನಾಗಿಯೇ ಇದೆ. ಆದರೆ ನನಗೆ ಹೂವಿಗಿಂತ ಜಾಸ್ತಿ ಕುತೂಹಲ ಇರುವುದು ಆ ತಂಡದ ದುಡ್ಡಿನ ಲೆಕ್ಕದ ಮೇಲೆ. ಯಜಮಾನ ಇಲ್ಲದೆಯೂ ಆರ್ಕೆಸ್ಟ್ರಾ ವೇದಿಕೆ ಹತ್ತಿದ್ದಕ್ಕೆ ಕಾರಣ ಬರೀ ಅಭಿಮಾನ ಅಲ್ಲ. ಸಂಪಾದನೆ ಹಂಚಿಕೊಳ್ಳುವ ರೀತಿಯಲ್ಲೇ ಆ ಕಾರಣ ಇತ್ತು. ಆ ತಂಡಕ್ಕೆ ಮಾತ್ರ ಬಂದ ವಿಚಿತ್ರ ಗಟ್ಟಿ ನಾದಕ್ಕೂ ಅದೇ ಮೂಲ. ಓಸ್ವಾಲ್ದೊ ಪುಗ್ಲಿಯೇಸೆ ಅವರ ಬದುಕನ್ನು ಆ ಕಡೆಯಿಂದ ನೋಡೋಣ.

ವಠಾರದ ಹುಡುಗ

ಪುಗ್ಲಿಯೇಸೆ ಹುಟ್ಟಿದ್ದು 1905ರ ಡಿಸೆಂಬರ್ 2ರಂದು, ಬ್ಯೂನಸ್ ಐರಿಸ್‌ನ ವಿಲ್ಲಾ ಕ್ರೆಸ್ಪೊ ಬಡಾವಣೆಯಲ್ಲಿ. ಬೂಟು ಕಾರ್ಖಾನೆಯ ಸುತ್ತ ಬೆಳೆದ ಕೂಲಿಕಾರರ ಕೇರಿ ಅದು. ಇಟಲಿಯಿಂದ ಬಂದವರು, ಪೂರ್ವ ಯುರೋಪಿನಿಂದ ಬಂದ ಯಹೂದಿಗಳು, ಎಲ್ಲರೂ ಒಂದೇ ಅಂಗಳ ಹಂಚಿಕೊಂಡ ವಠಾರಗಳಲ್ಲಿ ಇದ್ದರು. ತಂದೆ ಅದೋಲ್ಫೊ ಬೂಟಿನ ಕೆಲಸಗಾರ. ಕೆಲಸ ಮುಗಿದ ಮೇಲೆ ಕೊಳಲು ಹಿಡಿದು ಟ್ಯಾಂಗೊ ಮೇಳಗಳಲ್ಲಿ ನುಡಿಸುತ್ತಿದ್ದರು. ಇಬ್ಬರು ಅಣ್ಣಂದಿರದ್ದು ಪಿಟೀಲು. ಕಿರಿಯವನಿಗೂ ಮೊದಲು ಪಿಟೀಲನ್ನೇ ಕೊಟ್ಟರು. ಹುಡುಗನ ಮನಸ್ಸು ಹೋದದ್ದು ಪಿಯಾನೊ ಕಡೆಗೆ.

ಹದಿನೈದನೇ ವಯಸ್ಸಿಗೆ ದುಡಿಮೆ ಶುರುವಾಯಿತು. ಮೊದಲ ಜಾಗ ಒಂದು ಕೆಫೆ. ಅದರ ಮಾಲೀಕರ ಕೊಳಕು ನೋಡಿ ಗಿರಾಕಿಗಳೇ ಅದಕ್ಕೆ 'ಹೆಣ್ಣು ಹಂದಿ ಕೆಫೆ' ಎಂದು ಹೆಸರಿಟ್ಟಿದ್ದರು. ಜೊತೆಗೆ ಮೂಕಿ ಸಿನಿಮಾಗಳಿಗೆ ಪಿಯಾನೊ ನುಡಿಸುವ ಕೆಲಸ. ಪರದೆ ಮೇಲೆ ಕುದುರೆ ಓಡಿದರೆ ವೇಗ, ಅತ್ತರೆ ನಿಧಾನ. ಆಮೇಲೆ ಪಕೀತಾ ಬೆರ್ನಾರ್ದೊ ಎಂಬ ಹೆಣ್ಣುಮಗಳ ತಂಡ. ಬಾಂದೋನಿಯೋನ್ ಎಂಬ ತಿದಿಯ ವಾದ್ಯವನ್ನು ವೃತ್ತಿಯಾಗಿ ಹಿಡಿದ ಮೊದಲ ಹೆಣ್ಣು ಎಂದು ಹೆಸರಾದವರು ಆಕೆ. ಹೆಂಗಸೊಬ್ಬಳು ಕಾಲು ಅಗಲಿಸಿ ಕೂತು ತೊಡೆ ಮೇಲೆ ವಾದ್ಯ ಆಡಿಸುವುದು ಆ ಕಾಲಕ್ಕೆ ದೊಡ್ಡ ಸುದ್ದಿ. ಜನ ಕೊರಿಯೆಂತೆಸ್ ಬೀದಿಯ ಕೆಫೆಯ ಮುಂದೆ ಮುಗಿಬೀಳುತ್ತಿದ್ದರು. 1925ರಲ್ಲಿ, ಇನ್ನೂ ಇಪ್ಪತ್ತೈದು ತುಂಬುವ ಮೊದಲೇ ಆಕೆ ತೀರಿಕೊಂಡರು.

ಒಂದು ಕಡೆ ಹೀಗೆ ಬೀದಿಯ ಪಾಠ. ಇನ್ನೊಂದು ಕಡೆ ವಿಸೆಂತೆ ಸ್ಕಾರಮುತ್ಸಾ ಎಂಬ ಇಟಲಿ ಮೂಲದ ಗುರುಗಳ ಹತ್ತಿರ ಶಾಸ್ತ್ರೀಯ ಪಿಯಾನೊ. ಇದೇ ಗುರುಗಳು ಮುಂದೆ ಮಾರ್ತಾ ಆರ್ಗೆರಿಚ್‌ರಂಥ ಜಗತ್ಪ್ರಸಿದ್ಧ ವಾದಕಿಯನ್ನು ತಯಾರು ಮಾಡಿದವರು. ಪುಗ್ಲಿಯೇಸೆ ಅವರ ಪಿಯಾನೊ ಕೇಳುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು. ಬಡಿತ ಎಷ್ಟೇ ಒರಟಾಗಿ ಕೇಳಿದರೂ ಬೆರಳಿಗೆ ಶಿಸ್ತು ಇದೆ.

'ರೆಕ್ವೆರ್ದೊ' ಎಂಬ ಟ್ಯಾಂಗೊ ಈ ಹದಿಹರೆಯದಲ್ಲೇ ಹುಟ್ಟಿತು. ವಯಸ್ಸು ಸಾಲದು ಎಂದು ಅದು ಮೊದಲು ಪ್ರಕಟವಾದದ್ದು ತಂದೆಯ ಹೆಸರಿನಲ್ಲಿ. 1926ರಲ್ಲಿ ಹುಲಿಯೊ ದೆ ಕಾರೊ ಅವರ ಆರು ಜನರ ತಂಡ ಅದನ್ನು ರೆಕಾರ್ಡ್ ಮಾಡಿತು. ಆಗಿನ ಟ್ಯಾಂಗೊಗಳಲ್ಲಿ ಹೆಚ್ಚಿನವು ಕುಣಿತಕ್ಕೆ ಸಾಕಾಗುವಷ್ಟು ಸರಳ. ಇದರಲ್ಲಿ ಮಾತ್ರ ರಾಗ ಉದ್ದಕ್ಕೆ ಉಸಿರು ಬಿಟ್ಟುಕೊಂಡು ಸಾಗುತ್ತದೆ. ಕೊನೆಗೆ ಬಾಂದೋನಿಯೋನ್‌ಗಳು ಸರಸರ ಓಡುವ ಒಂದು ಭಾಗ ಬರುತ್ತದೆ. ಹದಿಹರೆಯದ ಹುಡುಗ ಬರೆದದ್ದು ಎಂದರೆ ನಂಬುವುದು ಕಷ್ಟ. ಇವತ್ತಿಗೂ ಟ್ಯಾಂಗೊ ತಂಡಗಳು ಇದನ್ನು ಬಿಟ್ಟಿಲ್ಲ.

1929ರಲ್ಲಿ ಪಿಟೀಲು ವಾದಕ ಎಲ್ವಿನೊ ವರ್ದಾರೊ ಜೊತೆ ಸೇರಿ ಪುಗ್ಲಿಯೇಸೆ ಆರು ಜನರ ತಂಡ ಕಟ್ಟಿದರು. ಮುಂದೆ ದೊಡ್ಡ ಹೆಸರಾದ ಅನಿಬಾಲ್ ತ್ರೊಯ್ಲೊ ಕೂಡ ಅದರಲ್ಲಿ ನುಡಿಸಿದವರು. ತಂಡ ಪ್ರಾಂತ್ಯಗಳಿಗೆ ಪ್ರವಾಸ ಹೋಯಿತು. ದುಡ್ಡು ಬರಲಿಲ್ಲ. ಕೈಸುಟ್ಟುಕೊಂಡು ವಾಪಸ್ ಬಂದರು. ಒಂದೇ ಒಂದು ರೆಕಾರ್ಡೂ ಉಳಿದಿಲ್ಲ. ಅಷ್ಟು ಒಳ್ಳೆಯ ವಾದಕರು ಸೇರಿದ್ದ ತಂಡ ಹೇಗೆ ಕೇಳಿಸುತ್ತಿತ್ತು ಎಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಹೊಟ್ಟೆ ಉರಿಯುತ್ತದೆ ಅಲ್ವಾ?

ಪಾಯಿಂಟ್ ಲೆಕ್ಕ

1930ರ ದಶಕ ಅರ್ಜೆಂಟೀನಾದ ಸಂಗೀತಗಾರರಿಗೆ ಕೆಟ್ಟ ಕಾಲ. ಮಾತಾಡುವ ಸಿನಿಮಾ ಬಂದದ್ದೇ ತಡ, ಥಿಯೇಟರುಗಳಲ್ಲಿ ನುಡಿಸುತ್ತಿದ್ದವರ ಅನ್ನಕ್ಕೆ ಕಲ್ಲು ಬಿತ್ತು. ಅದರ ಮೇಲೆ ಆರ್ಥಿಕ ಕುಸಿತ. ಇದ್ದ ಕೆಲಸಗಳಲ್ಲೂ ರಾತ್ರಿಯಿಡೀ ನುಡಿಸಿದವನಿಗೆ ಸಿಗುತ್ತಿದ್ದದ್ದು ಚಿಲ್ಲರೆ. ದಶಕದ ನಡುವಿನಲ್ಲಿ ಸಂಗೀತಗಾರರ ಯೂನಿಯನ್ ಕಟ್ಟಲು ಓಡಾಡಿದವರಲ್ಲಿ ಪುಗ್ಲಿಯೇಸೆ ಒಬ್ಬರು. 1936ರಲ್ಲಿ ಸ್ಪೇನ್‌ನ ಅಂತರ್ಯುದ್ಧ ಶುರುವಾಯಿತು. ಅದೇ ವರ್ಷ ಅವರು ಕಮ್ಯುನಿಸ್ಟ್ ಪಕ್ಷಕ್ಕೆ ಸೇರಿದರು. ಸಾಯುವತನಕ ಅಲ್ಲೇ ಇದ್ದರು.

ಸ್ವಂತ ಆರ್ಕೆಸ್ಟ್ರಾ ಕಟ್ಟುವ ಒಂದೆರಡು ಪ್ರಯತ್ನ ಕೂಡಿಬರಲಿಲ್ಲ. ಕೊನೆಗೆ 1939ರ ಆಗಸ್ಟ್ 11ರಂದು ಕೊರಿಯೆಂತೆಸ್ ಬೀದಿಯ 'ಎಲ್ ನಾಸಿಯೊನಾಲ್' ಕೆಫೆಯಲ್ಲಿ ತಂಡ ಮೊದಲ ಸಲ ನುಡಿಸಿತು. ಪುಗ್ಲಿಯೇಸೆಗೆ ಆಗ ಮೂವತ್ತಮೂರು ವರ್ಷ.

ಆ ಕಾಲದ ಟ್ಯಾಂಗೊ ಆರ್ಕೆಸ್ಟ್ರಾಗಳು ಮಾಲೀಕರ ಸ್ವತ್ತು. ಬೋರ್ಡಿನ ಮೇಲೆ ಯಾರ ಹೆಸರಿದೆಯೋ ಅವರೇ ರೇಡಿಯೊ, ರೆಕಾರ್ಡ್ ಕಂಪನಿ, ಡ್ಯಾನ್ಸ್ ಕ್ಲಬ್ಬುಗಳ ಜೊತೆ ಒಪ್ಪಂದ ಮಾಡಿಕೊಳ್ಳುತ್ತಿದ್ದರು. ವಾದಕರಿಗೆ ಸಂಬಳ ಕೊಟ್ಟು, ಉಳಿದದ್ದನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಇದರಲ್ಲಿ ಮೋಸ ಏನಿಲ್ಲ. ನಷ್ಟ ಆದರೆ ಅದೂ ಅವರದ್ದೇ. ಆದರೆ ಇನ್ನೊಬ್ಬ ನಾಲ್ಕು ಕಾಸು ಜಾಸ್ತಿ ಕೊಡುತ್ತೇನೆ ಎಂದರೆ ವಾದಕ ನಿಲ್ಲುವುದಕ್ಕೆ ಕಾರಣವೇ ಇರಲಿಲ್ಲ. ಆಗಿನ ಅತಿ ಜನಪ್ರಿಯ ಆರ್ಕೆಸ್ಟ್ರಾ ಹುವಾನ್ ದಾರಿಯೆಂಸೊ ಅವರದ್ದು. 1940ರಲ್ಲಿ ಅವರ ಪಿಯಾನೊ ವಾದಕ ಹೊರಟಾಗ ಇಡೀ ತಂಡವೇ ಅವರ ಹಿಂದೆ ಎದ್ದು ಹೋಯಿತು. ದಾರಿಯೆಂಸೊ ಬೇರೆಯವರ ಆರ್ಕೆಸ್ಟ್ರಾ ಒಂದನ್ನೇ ಕರೆತಂದು ಮತ್ತೆ ಶುರು ಮಾಡಬೇಕಾಯಿತು.

ಪುಗ್ಲಿಯೇಸೆ ಮಾಡಿದ್ದು ಸಹಕಾರಿ ತಂಡ. ಇಲ್ಲಿ ಸಂಬಳ ಇಲ್ಲ, ಪಾಯಿಂಟ್ ಇದೆ. ಪ್ರತಿಯೊಬ್ಬರಿಗೂ ಅವರ ಹೊಣೆ, ಅನುಭವ, ತಂಡಕ್ಕೆ ಬರೆದುಕೊಡುವ ಕೆಲಸ ನೋಡಿ ಇಷ್ಟು ಪಾಯಿಂಟ್ ಎಂದು ಗೊತ್ತು ಮಾಡುತ್ತಿದ್ದರು. ಬಂದ ಹಣದಲ್ಲಿ ಖರ್ಚು ಕಳೆದು, ಉಳಿದದ್ದನ್ನು ಒಟ್ಟು ಪಾಯಿಂಟ್‌ಗಳಿಂದ ಭಾಗಿಸಿ ಹಂಚುವುದು. ಸುಮ್ನೆ ಅರ್ಥ ಆಗಲಿ ಎಂದು ನನ್ನದೇ ಒಂದು ಲೆಕ್ಕ ಹೇಳುತ್ತೇನೆ. ತಂಡದ ಒಟ್ಟು ಪಾಯಿಂಟ್ 80, ಆ ರಾತ್ರಿ ಉಳಿದದ್ದು 800 ಪೆಸೊ ಎಂದುಕೊಳ್ಳಿ. ಒಂದು ಪಾಯಿಂಟ್‌ಗೆ 10 ಪೆಸೊ. ಹೊಸದಾಗಿ ಸೇರಿದ ಐದು ಪಾಯಿಂಟಿನ ಪಿಟೀಲಿನವನಿಗೆ 50, ಅರೇಂಜ್‌ಮೆಂಟ್ (ಯಾವ ವಾದ್ಯ ಯಾವಾಗ ಏನು ನುಡಿಸಬೇಕು ಎಂಬುದು) ಬರೆಯುವ ಹತ್ತು ಪಾಯಿಂಟಿನ ಹಿರಿಯನಿಗೆ 100. ಮುಖ್ಯಸ್ಥರಿಗೂ ಅವರ ಪಾಯಿಂಟಿನಷ್ಟೇ.

ಗಮನಿಸಬೇಕಾದ್ದು ಏನೆಂದರೆ, ಇದು ಎಲ್ಲರಿಗೂ ಸಮಪಾಲು ಅಲ್ಲ. ಜಾಸ್ತಿ ಹೊತ್ತವರಿಗೆ ಜಾಸ್ತಿ. ಸಂಗೀತದ ವಿಷಯದಲ್ಲಿ ಕೈ ಎತ್ತಿಸಿ ಓಟು ಹಾಕಿಸಿದ್ದೂ ಅಲ್ಲ. ತಂಡಕ್ಕೆ ಒಂದೇ ಕಿವಿ ಇತ್ತು, ಅದು ಪುಗ್ಲಿಯೇಸೆ ಅವರದ್ದು. ಆದರೆ ಇನ್ನೊಬ್ಬ ವಾದಕ ರಾತ್ರಿಯಿಡೀ ಕೂತು ಒಂದು ಹೊಸ ಅರೇಂಜ್‌ಮೆಂಟ್ ಬರೆದರೆ ಅದರ ಫಲ ಅವನಿಗೂ ತಲುಪುತ್ತಿತ್ತು. ಹಾಗಾಗಿ ಬರೆದರು. ಬಾಂದೋನಿಯೋನ್‌ನ ಓಸ್ವಾಲ್ದೊ ರುಗಿಯೇರೊ ಬರೆದರು, ಹೊರ್ಹೆ ಕಾಲ್ದಾರಾ 'ಪತೇತಿಕೊ' ಬರೆದರು, ಮಾರಿಯೊ ದೆಮಾರ್ಕೊ 'ಪಾತಾ ಆಂಚಾ' ಬರೆದರು, ಪಿಟೀಲಿನ ಎಮಿಲಿಯೊ ಬಲ್ಕಾರ್ಸೆ 'ಲಾ ಬೊರ್ದೋನಾ' ಬರೆದರು. ಒಂದು ಆರ್ಕೆಸ್ಟ್ರಾದೊಳಗೆ ಇಷ್ಟು ಜನ ಸಂಯೋಜಕರು ಬೇರೆ ಕಡೆ ಸಿಗುವುದು ಕಷ್ಟ.

ಅವರು ನಿಂತರು ಕೂಡ. ರುಗಿಯೇರೊ 1939ರಲ್ಲಿ ಹುಡುಗನಾಗಿ ಸೇರಿದವರು 1968ರವರೆಗೆ ಇದ್ದರು. ಇಪ್ಪತ್ತೊಂಬತ್ತು ವರ್ಷ! ಮುಖ್ಯ ಪಿಟೀಲು ವಾದಕ ಎನ್ರಿಕೆ ಕಮೆರಾನೊ ಸುಮಾರು ಎರಡು ದಶಕ. ಡಬಲ್ ಬಾಸ್ ಎಂಬ ಆಳೆತ್ತರದ, ತಗ್ಗು ಸ್ವರದ ತಂತಿವಾದ್ಯದ ಅನಿಸೇತೊ ರೊಸ್ಸಿ ಆದ ಮೇಲೆ ಆ ವಾದ್ಯ ಹಿಡಿದು ನಿಂತದ್ದು ಅವರ ಮಗ ಅಲ್ಸೀದೆಸ್.

ನಾದಕ್ಕೂ ಲೆಕ್ಕಕ್ಕೂ ಏನು ಸಂಬಂಧ?

ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು, ಏಕೆಂದರೆ ಈ ಪ್ರಕರಣದ ತಿರುಳೇ ಇದು.

ಬಾಂದೋನಿಯೋನ್ ಎಂದರೆ ನಮ್ಮ ಹಾರ್ಮೋನಿಯಂನಂತೆ ತಿದಿಯ ಗಾಳಿಯಿಂದ ರೀಡ್ ನುಡಿಯುವ ವಾದ್ಯ. ಆದರೆ ಇದನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈಯ ಬೆರಳುಗಳಿಂದ ಗುಂಡಿ ಒತ್ತುತ್ತಾ, ಎಳೆದು ಮುಚ್ಚಿ ನುಡಿಸುತ್ತಾರೆ. ಟ್ಯಾಂಗೊ ಆರ್ಕೆಸ್ಟ್ರಾದಲ್ಲಿ ಇಂಥವು ನಾಲ್ಕೈದು ಸಾಲಾಗಿ ಕೂರುತ್ತವೆ. ಹಿಂದೆ ಪಿಟೀಲುಗಳು, ಒಂದು ಡಬಲ್ ಬಾಸ್, ಪಕ್ಕದಲ್ಲಿ ಪಿಯಾನೊ. ತಾಳವಾದ್ಯ ಇಲ್ಲವೇ ಇಲ್ಲ. ಡ್ರಮ್ಸ್ ಇಲ್ಲದೆ ನೂರಾರು ಜನರನ್ನು ಕುಣಿಸಬೇಕು.

ಪುಗ್ಲಿಯೇಸೆ ಅದಕ್ಕೆ ಕಂಡುಕೊಂಡ ದಾರಿ 1946ರಲ್ಲಿ ರೆಕಾರ್ಡ್ ಆದ 'ಲಾ ಯುಂಬಾ'ದಲ್ಲಿ ಮುಚ್ಚುಮರೆ ಇಲ್ಲದೆ ಕಾಣುತ್ತದೆ. ನಾಲ್ಕು ಏಟಿನ ಲೆಕ್ಕದಲ್ಲಿ ಒಂದು ಮತ್ತು ಮೂರನೇ ಏಟಿಗೆ ಇಡೀ ಆರ್ಕೆಸ್ಟ್ರಾ ಒಟ್ಟಿಗೆ ಬೀಳುತ್ತದೆ: 'ಯುಂ'. ಎರಡು ಮತ್ತು ನಾಲ್ಕಕ್ಕೆ ಪಿಯಾನೊದ ತೀರಾ ತಗ್ಗಿನ ಸ್ವರ, ಮಂಕಾಗಿ: 'ಬಾ'. ಹೇಳಲು ಇಷ್ಟೇ. ಆದರೆ ಆ 'ಯುಂ' ಸುಮ್ಮನೆ ಬರುವುದಿಲ್ಲ. ಏಟು ಬೀಳುವ ಕ್ಷಣಕ್ಕಿಂತ ಒಂದು ಕೂದಲೆಳೆ ಮೊದಲೇ ಬಾಸ್‌ನ ಕಮಾನು ತಂತಿಯನ್ನು ಎಳೆಯಲು ತೊಡಗುತ್ತದೆ. ಬಾಂದೋನಿಯೋನ್‌ನವರು ಹಿಮ್ಮಡಿ ಎತ್ತಿ, ತೊಡೆಯ ಸಮೇತ ವಾದ್ಯವನ್ನು ಕೆಳಕ್ಕೆ ಬಿಡುತ್ತಾರೆ. ಆ ಬೀಳುವಿಕೆಯಿಂದ ತಿದಿಯ ಗಾಳಿಗೆ ಒಂದು ಧಕ್ಕೆ ಸಿಗುತ್ತದೆ. ಎಲ್ಲರದ್ದೂ ಒಂದೇ ಕ್ಷಣಕ್ಕೆ ಸೇರಿದರೆ ಅದು ಭಾರದ ಸಾಮಾನು ಎಳೆದು ಇಟ್ಟ ಹಾಗೆ ಕೇಳುತ್ತದೆ. ಒಬ್ಬ ಮುಂಚೆ, ಒಬ್ಬ ಆಮೇಲೆ ಆದರೆ ಬರೀ ಗದ್ದಲ.

ಇದರ ನಡುವೆ ದಿಢೀರನೆ ಎಲ್ಲ ನಿಲ್ಲುತ್ತದೆ. ಒಂದು ಪಿಟೀಲು ಮಾತ್ರ ಉಳಿಯುತ್ತದೆ, ಲಯವನ್ನು ಹಿಗ್ಗಿಸಿ ಕುಗ್ಗಿಸಿ, ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಮತ್ತೆ ಹತ್ತು ಹನ್ನೆರಡು ಜನ ಒಟ್ಟಿಗೆ ಹಿಂತಿರುಗಬೇಕು. ಕೈ ಬೀಸುವ ನಿರ್ದೇಶಕ ಯಾರೂ ಇಲ್ಲ. ಪುಗ್ಲಿಯೇಸೆ ಪಿಯಾನೊ ಮುಂದೆ ಕೂತಿದ್ದಾರೆ. ತಲೆಯ ಒಂದು ಚಿಕ್ಕ ಆಡಿಕೆ, ಒಂದು ನೋಟ, ಅಷ್ಟೇ ಸನ್ನೆ.

ಇಂಥದ್ದನ್ನು ಬಾಡಿಗೆ ವಾದಕರಿಂದ ಮಾಡಿಸಲು ಆಗುವುದಿಲ್ಲ. ಸ್ವರಲಿಪಿಯಲ್ಲಿ ಬರೆದು ಕೊಡಲೂ ಆಗುವುದಿಲ್ಲ. ಕಾಗದದ ಮೇಲೆ ಇರುವುದು ಒಂದು ಕಪ್ಪು ಚುಕ್ಕಿ. ಅದರ ಹಿಂದಿನ ಎಳೆತ ಎಷ್ಟು ಎಂದು ಗೊತ್ತಾಗಬೇಕಾದರೆ ಪಕ್ಕದವನ ಜೊತೆ ವರ್ಷಗಟ್ಟಲೆ ಕೂತಿರಬೇಕು. ಪಾಯಿಂಟ್ ಪದ್ಧತಿ ಜನರನ್ನು ಉಳಿಸಿತು, ಉಳಿದವರ ಮೈ ಒಂದೇ ಲಯಕ್ಕೆ ಬಿತ್ತು. ಸಿದ್ಧಾಂತದಿಂದ ಹುಟ್ಟಿದ ಹಣಕಾಸಿನ ವ್ಯವಸ್ಥೆ ಹೀಗೆ ನಾದವಾಗಿ ಕೇಳಿಸಿದ್ದಕ್ಕೆ ಇಷ್ಟು ಸ್ಪಷ್ಟ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ.

'ಲಾ ಯುಂಬಾ' ಹಿಂದೆಯೇ 'ನೆಗ್ರಾಚಾ', 'ಮಲಾಂದ್ರಾಕಾ' ಬಂದವು. 1948ರಲ್ಲಿ ರೆಕಾರ್ಡ್ ಆದ 'ನೆಗ್ರಾಚಾ'ದಲ್ಲಿ ರಾಗ ಎಂದು ಗುನುಗಲು ಹೆಚ್ಚೇನೂ ಇಲ್ಲ, ತುಂಬ ಲಯದ ಜಗಳ. ಆಸ್ತೊರ್ ಪಿಯಾಸೊಲ್ಲಾ ಟ್ಯಾಂಗೊವನ್ನು ಬುಡಮೇಲು ಮಾಡುವುದಕ್ಕೆ ಹಲವು ವರ್ಷ ಮೊದಲೇ ಆ ದಾರಿಯ ವಾಸನೆ ಇದರಲ್ಲಿ ಬಡಿಯುತ್ತದೆ. ವ್ಯತ್ಯಾಸ ಏನೆಂದರೆ, ಪುಗ್ಲಿಯೇಸೆ ಕುಣಿಯುವವರನ್ನು ಕೈಬಿಡಲಿಲ್ಲ. ಊರಂಚಿನ ಕ್ಲಬ್ಬುಗಳಲ್ಲಿ ಕೂಲಿಕಾರರು ಇದಕ್ಕೇ ಕುಣಿದರು. ಈಗಲೂ ಟ್ಯಾಂಗೊ ಕೂಟಗಳಲ್ಲಿ ಪುಗ್ಲಿಯೇಸೆ ರೆಕಾರ್ಡು ಹಾಕುವುದು ರಾತ್ರಿ ತಡವಾದ ಮೇಲೆ, ಹೊಸಬರು ಮನೆಗೆ ಹೋಗಿ ಪಳಗಿದವರು ಉಳಿದಾಗ.

ಯಜಮಾನ ಇಲ್ಲದ ರಾತ್ರಿಗಳು

ಹುವಾನ್ ಪೆರೋನ್ 1946ರಲ್ಲಿ ಅಧ್ಯಕ್ಷರಾದರು. ಕೂಲಿಕಾರರ ನಾಯಕ ಎಂದೇ ಹೆಸರು. ಕೂಲಿಕಾರರ ಕೇರಿಯಲ್ಲಿ ಹುಟ್ಟಿ, ಯೂನಿಯನ್ ಕಟ್ಟಿ, ಕೂಲಿಕಾರರನ್ನು ಕುಣಿಸುತ್ತಿದ್ದ ಪುಗ್ಲಿಯೇಸೆಗೆ ಜೈಲು ತೋರಿಸಿದ್ದು ಅದೇ ಸರ್ಕಾರ. ಕಮ್ಯುನಿಸ್ಟರು ಪೆರೋನ್‌ಗೆ ಬೇಡ, ಪೆರೋನ್ ಕಮ್ಯುನಿಸ್ಟರಿಗೆ ಬೇಡ. ರೇಡಿಯೊದಲ್ಲಿ ಆರ್ಕೆಸ್ಟ್ರಾಕ್ಕೆ ನಿಷೇಧ ಬೀಳುತ್ತಿತ್ತು. ಕಾರ್ಯಕ್ರಮಗಳಿಗೆ ಪೊಲೀಸ್ ಪರವಾನಗಿ ಸಿಗುತ್ತಿರಲಿಲ್ಲ. 1955ರಲ್ಲಿ ವಿಲ್ಲಾ ದೆವೋತೊ ಜೈಲಿನಲ್ಲಿ ತಿಂಗಳುಗಟ್ಟಲೆ ಇಟ್ಟರು. ಅದೇ ವರ್ಷ ಪೆರೋನ್ ಪದಚ್ಯುತರಾದರು. ಆದರೆ ಆಮೇಲೆ ಬಂದ ಮಿಲಿಟರಿಯವರಿಗೂ ಕಮ್ಯುನಿಸ್ಟರೆಂದರೆ ಆಗದು. ಜೈಲಿನ ಬಾಗಿಲು ಅವರಿಗೆ ಪರಿಚಿತವೇ ಆಗಿಹೋಯಿತು.

ಕೆಲವು ಸಲ ಬೇರೆ ಪಿಯಾನೊ ವಾದಕರು ಆ ಜಾಗದಲ್ಲಿ ಕೂತದ್ದುಂಟು. ಇನ್ನು ಕೆಲವು ಸಲ ಯಾರೂ ಕೂರುತ್ತಿರಲಿಲ್ಲ. ಮುಚ್ಚಿದ ಪಿಯಾನೊ, ಮೇಲೆ ಕೆಂಪು ಹೂವು.

ಪಿಯಾನೊ ಇಲ್ಲದೆ ಪುಗ್ಲಿಯೇಸೆ ಸಂಗೀತ ನುಡಿಸುವುದು ಸಣ್ಣ ಕೊರತೆ ಅಲ್ಲ. 'ಬಾ' ಎಂಬ ಆ ತಗ್ಗಿನ ಏಟೇ ಮಾಯವಾಗುತ್ತದೆ. ಸನ್ನೆ ಮಾಡುವ ತಲೆಯೂ ಇಲ್ಲ. ಆದರೂ ಆಗುತ್ತಿತ್ತು. ಬಾಸ್ ಮತ್ತು ಬಾಂದೋನಿಯೋನ್ ಸಾಲು ಲಯವನ್ನು ಹೊರುತ್ತಿದ್ದವು. ಮೊದಲ ಬಾಂದೋನಿಯೋನ್‌ನ ರುಗಿಯೇರೊಗೆ ಪುಗ್ಲಿಯೇಸೆ ಎಲ್ಲಿ ಉಸಿರು ಹಿಡಿಯುತ್ತಾರೆ, ಎಲ್ಲಿ ಬಿಡುತ್ತಾರೆ ಎಂದು ಬಾಯಿಪಾಠ. ಉಳಿದವರಿಗೆ ರುಗಿಯೇರೊ ಬಾಯಿಪಾಠ. ಜೊತೆಗೆ ಒಂದು ನೇರ ಕಾರಣ: ಕಾರ್ಯಕ್ರಮ ರದ್ದಾದರೆ ಅದು ಯಾರೋ ಮಾಲೀಕರ ನಷ್ಟ ಆಗುತ್ತಿರಲಿಲ್ಲ, ಆ ಹನ್ನೆರಡೂ ಮನೆಗಳ ನಷ್ಟ. ಅವರು ನುಡಿಸಿದ್ದು ತಮ್ಮ ಆರ್ಕೆಸ್ಟ್ರಾವನ್ನು.

ಪ್ರೇಕ್ಷಕರೂ ಬೇರೆ ಥರದವರು. ಫುಟ್‌ಬಾಲ್ ತಂಡದ ಹಿಂದೆ ಹೋಗುವ ಹಾಗೆ ಕ್ಲಬ್ಬಿನಿಂದ ಕ್ಲಬ್ಬಿಗೆ ಹಿಂಬಾಲಿಸುತ್ತಿದ್ದರು. ನಡುನಡುವೆ "ಕೊಲೋನ್‌ಗೆ, ಕೊಲೋನ್‌ಗೆ" ಎಂದು ಕೂಗುತ್ತಿದ್ದರು. ಕೊಲೋನ್ ಎಂದರೆ ಬ್ಯೂನಸ್ ಐರಿಸ್‌ನ ಒಪೆರಾ ಮಂದಿರ, ಶ್ರೀಮಂತರ ಜಾಗ. ಹೂವು ಕಂಡಾಗ ಅವರಿಗೆ ಏನಾಗಿದೆ ಎಂದು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಭಾಷಣ ಮಾಡಿದ್ದರೆ ಪೊಲೀಸರು ನಿಲ್ಲಿಸುತ್ತಿದ್ದರು. ಹೂವಿಗೆ ಯಾವ ಕಾನೂನು ಹಾಕುತ್ತಾರೆ?

1959ರಲ್ಲಿ ಆರ್ಕೆಸ್ಟ್ರಾ ಸೋವಿಯತ್ ಒಕ್ಕೂಟ ಮತ್ತು ಚೀನಾಕ್ಕೆ ಹೋಯಿತು. 1965ರಲ್ಲಿ ಜಪಾನ್‌ಗೆ. ಅಲ್ಲಿ ಟ್ಯಾಂಗೊಗೆ ಆಗಲೇ ದೊಡ್ಡ ಅಭಿಮಾನಿ ಬಳಗ ಇತ್ತು. 1973ರಲ್ಲಿ ಪೆರೋನ್ ಮತ್ತೆ ಅಧಿಕಾರಕ್ಕೆ ಬಂದಾಗ ಪುಗ್ಲಿಯೇಸೆ ಹತ್ತಿರ ಹಿಂದಿನದಕ್ಕೆಲ್ಲ ಕ್ಷಮೆ ಕೇಳಿದರು ಎಂಬ ಮಾತೂ ಪ್ರಚಾರದಲ್ಲಿದೆ.

1968: ಪದ್ಧತಿ ಕೈಕೊಟ್ಟದ್ದು

ಇಲ್ಲಿಗೆ ನಿಲ್ಲಿಸಿದರೆ ಇದು ಬರೀ ಹೊಗಳಿಕೆ ಆಗುತ್ತದೆ. ಸಹಕಾರಿ ಪದ್ಧತಿ ಪೊಲೀಸರನ್ನು ತಡೆದುಕೊಂಡಿತು, ಮಾರುಕಟ್ಟೆಯನ್ನು ತಡೆದುಕೊಳ್ಳಲಿಲ್ಲ.

1960ರ ದಶಕದಲ್ಲಿ ಹುಡುಗರಿಗೆ ರಾಕ್ ಬೇಕಾಯಿತು. ಟ್ಯಾಂಗೊ ಡ್ಯಾನ್ಸ್ ಕ್ಲಬ್ಬುಗಳು ಒಂದೊಂದಾಗಿ ಬಾಗಿಲು ಹಾಕಿದವು. ಹನ್ನೆರಡು ಹದಿಮೂರು ಜನರ ಆರ್ಕೆಸ್ಟ್ರಾ ಕರೆಸಲು ಯಾರಿಗೂ ಕೈಯಲ್ಲಿ ಆಗುತ್ತಿರಲಿಲ್ಲ. ಪಾಯಿಂಟ್ ಎಷ್ಟೇ ನ್ಯಾಯವಾಗಿ ಹಂಚಲಿ, ಹಂಚುವುದಕ್ಕೆ ಮೊದಲು ಗಲ್ಲಾಪೆಟ್ಟಿಗೆಯಲ್ಲಿ ಏನಾದರೂ ಇರಬೇಕು. ಅದೇ ಇಲ್ಲದಾಗ ದೊಡ್ಡ ತಂಡ ಎನ್ನುವುದೇ ಭಾರ.

1968ರಲ್ಲಿ ತಂಡದ ಬೆನ್ನೆಲುಬಾಗಿದ್ದವರು ಹೊರಟರು. ರುಗಿಯೇರೊ, ವಿಕ್ತೊರ್ ಲಾವಾಲ್ಯೇನ್, ಬಲ್ಕಾರ್ಸೆ, ಓಸ್ಕಾರ್ ಎರೇರೊ, ಹುಲಿಯಾನ್ ಪ್ಲಾಸಾ, ಅಲ್ಸೀದೆಸ್ ರೊಸ್ಸಿ, ಜೊತೆಗೆ ಗಾಯಕ ಹೊರ್ಹೆ ಮಸಿಯೇಲ್. ಇವರೆಲ್ಲ ಸೇರಿ 'ಸೆಕ್ಸ್ತೇತೊ ಟ್ಯಾಂಗೊ' ಎಂಬ ಸಣ್ಣ ತಂಡ ಕಟ್ಟಿಕೊಂಡರು. ಪುಗ್ಲಿಯೇಸೆ ತಂಡದಲ್ಲಿ ಬಾಂದೋನಿಯೋನ್ ನುಡಿಸುತ್ತಿದ್ದ ಪ್ಲಾಸಾ ಇಲ್ಲಿ ಪಿಯಾನೊ ಮುಂದೆ ಕೂತರು. ಅವರ ಮೊದಲ ರೆಕಾರ್ಡುಗಳನ್ನು ಕೇಳಿದರೆ ಗುರುತು ಹಿಡಿಯಲು ಕ್ಷಣ ಸಾಕು, ಅದೇ ಎಳೆತ, ಅದೇ ಬೀಳುವಿಕೆ. ಯಜಮಾನ ಇಲ್ಲದೆ ನುಡಿಸಲು ಕಲಿತವರು ಅದನ್ನು ಕಾಯಂ ಮಾಡಿಕೊಂಡರು ಎನ್ನಬಹುದು. ಇದು ದ್ರೋಹ ಎಂದು ಆಗ ಗೊಣಗಿದ ಅಭಿಮಾನಿಗಳು ಇದ್ದರು. ನನಗೆ ಹಾಗೆ ಅನ್ನಿಸುವುದಿಲ್ಲ. ಮನೆ ನಡೆಯಬೇಕಲ್ಲ?

ಪುಗ್ಲಿಯೇಸೆ ಅರವತ್ತು ದಾಟಿದ್ದರು. ಬಿಟ್ಟು ಕೂರಬಹುದಿತ್ತು. ಅವರು ಮಾಡಿದ್ದು ಹುಡುಗರನ್ನು ಕರೆದದ್ದು. ರೊದೊಲ್ಫೊ ಮೆದೇರೊಸ್, ದಾನಿಯೇಲ್ ಬಿನೆಲ್ಲಿ, ಹುವಾನ್ ಹೊಸೆ ಮೊಸಾಲಿನಿ, ಆರ್ತೂರೊ ಪೆನೋನ್, ಇವರೆಲ್ಲ ಬಾಂದೋನಿಯೋನ್ ಸಾಲಿಗೆ ಬಂದರು. ಇವರಲ್ಲಿ ಕೆಲವರಿಗೆ ಪಿಯಾಸೊಲ್ಲಾ ದೇವರು, ಮನೆಯಲ್ಲಿ ರಾಕ್ ಕೇಳುವವರು. ಈ ತಂಡ ರೆಕಾರ್ಡ್ ಮಾಡಿದ ಎದುವಾರ್ದೊ ರೊವೀರಾ ಅವರ 'ಆ ಎವಾರಿಸ್ತೊ ಕಾರಿಯೇಗೊ' ಈಗ ಜಗತ್ತಿನಾದ್ಯಂತ ಟ್ಯಾಂಗೊ ಪ್ರದರ್ಶನಗಳಲ್ಲಿ ತಪ್ಪದೆ ಕೇಳುತ್ತದೆ. ಹಳಬರಷ್ಟು ಒರಟು ಭಾರ ಇದರಲ್ಲಿ ಇಲ್ಲ ಎಂದು ನನ್ನ ಅನಿಸಿಕೆ. ತೆಳು, ಹೆಚ್ಚು ಬೆಳಕು. ಆದರೆ ಹುಡುಗರು ನಿಲ್ಲಲಿಲ್ಲ. 1977ರಲ್ಲಿ ಮೊಸಾಲಿನಿ ಪ್ಯಾರಿಸ್‌ಗೆ ಹೋದರು, ಮೆದೇರೊಸ್ ತಮ್ಮದೇ ಪ್ರಯೋಗಗಳಿಗೆ. ಇಪ್ಪತ್ತೊಂಬತ್ತು ವರ್ಷ ಕೂರುವ ಕಾಲ ಮುಗಿದಿತ್ತು.

ಕೊಲೋನ್, ಆಮೇಲೆ ಸಂತ ಪದವಿ

1983ರ ಕೊನೆಗೆ ಪ್ರಜಾಪ್ರಭುತ್ವ ವಾಪಸ್ ಬಂತು. 1985ರ ಡಿಸೆಂಬರ್ 26ರಂದು, ಎಂಬತ್ತು ತುಂಬಿದ ತಿಂಗಳಿನಲ್ಲೇ, ಪುಗ್ಲಿಯೇಸೆ ತಮ್ಮ ಆರ್ಕೆಸ್ಟ್ರಾ ಕರೆದುಕೊಂಡು ಕೊಲೋನ್ ವೇದಿಕೆ ಹತ್ತಿದರು. ನಲವತ್ತು ವರ್ಷ ಕೂಗಿದ ಜನ ಒಳಗೆ ತುಂಬಿದ್ದರು. ಅಲ್ಲಿ ಅವರು ನೆನೆಸಿಕೊಂಡದ್ದು ತಾಯಿಯನ್ನು. ಚಿಕ್ಕವರಿದ್ದಾಗ ಕೊಲೋನ್‌ಗೆ ಹೋಗಬೇಕು ಎಂದು ಬೆನ್ನು ಹತ್ತಿದ್ದವರು ಅವರೇ ಅಂತೆ.

1989ರ ಜೂನ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಕಾರೆ ಥಿಯೇಟರ್‌ನಲ್ಲಿ ಪಿಯಾಸೊಲ್ಲಾ ತಂಡ ಮತ್ತು ಪುಗ್ಲಿಯೇಸೆ ತಂಡ ಒಂದೇ ರಾತ್ರಿ ನುಡಿಸಿದವು. ಕೊನೆಗೆ ಎರಡೂ ತಂಡ ಸೇರಿ 'ಲಾ ಯುಂಬಾ' ಮತ್ತು ಪಿಯಾಸೊಲ್ಲಾ ಅವರ 'ಆದಿಯೋಸ್ ನೊನೀನೊ' ನುಡಿಸಿದವು. ಅದೇ ವರ್ಷ ಬಾಂದೋನಿಯೋನ್‌ನ ರೊಬೆರ್ತೊ ಆಲ್ವಾರೆಸ್ ಪುಗ್ಲಿಯೇಸೆ ಶೈಲಿಯನ್ನೇ ಹಿಡಿದು 'ಕಲರ್ ಟ್ಯಾಂಗೊ' ಕಟ್ಟಿದರು. 1995ರ ಜುಲೈ 25ರಂದು ಪುಗ್ಲಿಯೇಸೆ ತೀರಿಕೊಂಡರು. ಸಮಾಧಿ ಚಕರೀತಾ ಸ್ಮಶಾನದಲ್ಲಿದೆ. ವಿಲ್ಲಾ ಕ್ರೆಸ್ಪೊದ ಮೆಟ್ರೊ ನಿಲ್ದಾಣಕ್ಕೆ ಅವರ ಹೆಸರು ಸೇರಿದೆ.

ಈಗ ಅರ್ಜೆಂಟೀನಾದ ಸಂಗೀತಗಾರರಿಗೆ ಅವರು 'ಸಂತ ಪುಗ್ಲಿಯೇಸೆ'. ಮೈಕ್ ಕೈಕೊಟ್ಟರೆ, ಕರೆಂಟ್ ಹೋದರೆ, ಅಪಶಕುನ ಎಂದು ಕಂಡರೆ, "ಪುಗ್ಲಿಯೇಸೆ, ಪುಗ್ಲಿಯೇಸೆ, ಪುಗ್ಲಿಯೇಸೆ" ಎಂದು ಮೂರು ಸಲ ಹೇಳುತ್ತಾರೆ. ಟ್ಯಾಂಗೊದವರಷ್ಟೇ ಅಲ್ಲ, ರಾಕ್ ಸಂಗೀತದವರೂ. ಅವರ ಕನ್ನಡಕದ ಮುಖ ಇರುವ ಪುಟ್ಟ ಪ್ರಾರ್ಥನೆ ಕಾರ್ಡನ್ನು ವಾದ್ಯದ ಪೆಟ್ಟಿಗೆಯಲ್ಲಿ, ಧ್ವನಿ ಮಿಕ್ಸರ್ ಪಕ್ಕದಲ್ಲಿ ಅಂಟಿಸಿಕೊಂಡಿರುತ್ತಾರೆ. ಕಮ್ಯುನಿಸ್ಟ್ ಕಾರ್ಡ್ ಇಟ್ಟುಕೊಂಡು ಬದುಕಿದ ಮನುಷ್ಯನಿಗೆ ಇದಕ್ಕಿಂತ ತಮಾಷೆಯ ಪಟ್ಟ ಇನ್ನೊಂದಿಲ್ಲ.

ಪದ್ಧತಿ ಎಲ್ಲಿ ಹೋಯಿತು

ನಾದ ಕಲಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2000ದಲ್ಲಿ. ಆಗ ಬ್ಯೂನಸ್ ಐರಿಸ್‌ನಲ್ಲಿ ಒಂದು ಟ್ಯಾಂಗೊ ಆರ್ಕೆಸ್ಟ್ರಾ ಶಾಲೆ ಶುರುವಾಯಿತು. ಅದನ್ನು ನಡೆಸಲು ಕರೆತಂದದ್ದು ಎಂಬತ್ತು ದಾಟಿದ ಎಮಿಲಿಯೊ ಬಲ್ಕಾರ್ಸೆ ಅವರನ್ನು. ಸ್ವರಲಿಪಿಯಲ್ಲಿ ಇಲ್ಲದ್ದನ್ನು ಆ ಮುದುಕರು ಹಾಡಿ ತೋರಿಸಿ, ಕಮಾನು ಹಿಡಿದು ತೋರಿಸಿ ಹುಡುಗರಿಗೆ ದಾಟಿಸಿದರು.

ಲೆಕ್ಕದ ಪುಸ್ತಕವನ್ನು ಎತ್ತಿಕೊಂಡವರು ಇನ್ನೊಂದು ಗುಂಪು. 2001ರ ಆರ್ಥಿಕ ಕುಸಿತದ ಹೊತ್ತಿನಲ್ಲಿ ತಲೆ ಎತ್ತಿದ 'ಫೆರ್ನಾಂದೆಸ್ ಫಿಯೆರೊ' ಎಂಬ ಆರ್ಕೆಸ್ಟ್ರಾ. ಉದ್ದ ಕೂದಲು ಬಿಟ್ಟ, ರಾಕ್ ತಂಡದಂತೆ ಕಾಣುವ ಹುಡುಗರು ಭಾನುವಾರಗಳಲ್ಲಿ ಸಾನ್ ತೆಲ್ಮೊ ಬಡಾವಣೆಯ ಬೀದಿಗೆ ಪಿಯಾನೊ ತಳ್ಳಿಕೊಂಡು ಬಂದು, ದಾರಿಯಲ್ಲಿ ಹೋಗುವವರ ಮುಂದೆ ಪುಗ್ಲಿಯೇಸೆ ಬಡಿತ ಬಡಿಯುತ್ತಿದ್ದರು. ಇವರದ್ದೂ ಸಹಕಾರಿ ತಂಡ, ಇವರಿಗೂ ಯಜಮಾನ ಇಲ್ಲ. 1968ರ ಪೆಟ್ಟಿನಿಂದ ಇವರು ಒಂದು ವಿಷಯ ಕಲಿತ ಹಾಗೆ ಕಾಣುತ್ತದೆ. ಕ್ಲಬ್ಬಿನವರು ಕರೆಯಲಿ ಎಂದು ಕಾಯಲಿಲ್ಲ. 2004ರಲ್ಲಿ ಆಬಾಸ್ತೊ ಬಡಾವಣೆಯ ಹತ್ತಿರ ಸ್ವಂತ ಜಾಗ ಮಾಡಿಕೊಂಡರು. ಅಲ್ಲಿ ವಾರವಾರ ನುಡಿಸಿ, ಬಂದದ್ದನ್ನು ತಾವೇ ಹಂಚಿಕೊಳ್ಳುತ್ತಾ ಬಂದರು.